ಕಾಲು ಬಿಡದ ಪೆಡಲು

ಆ ಬೆಳಿಗ್ಗೆ ನಾಣಿ ಮೊದಲು ಬಿದ್ದದ್ದು ಘಾಟ್ಕೋಪರ್ ಸ್ಟೇಷನ್ನಿನ ಪೂರ್ವಕ್ಕಿರುವ ಗಣಪತಿ ಗುಡಿಯ ಮುಂದೆ. ಎದ್ದು, ಮೊಣಕೈ ಒರೆಸಿಕೊಂಡು, ಮತ್ತೆ ಸೈಕಲ್ ಹತ್ತಿ ಹೊರಟವನು ಮುಂದಿನ ತಿರುವಿನ ಸಾಯಿಬಾಬಾ ಮಂಟಪದ ಮುಂದೆ ಮತ್ತೆ ಬಿದ್ದ. ಎರಡು ಸಲವೂ ಬಲಗಡೆಗೇ, ಸೈಕಲ್ ಸಮೇತ, ಬೂಟು ಪೆಡಲಿಗೆ ಕಚ್ಚಿಕೊಂಡಿದ್ದ ಹಾಗೆಯೇ. ಮಂಟಪದ ಪಕ್ಕ ಹೂ ಮಾರುತ್ತಿದ್ದ ಮುದುಕಿ ಸ್ವಲ್ಪ ಹೊತ್ತು ಅವನನ್ನೇ ನೋಡಿ, ಭಕ್ತಿ ಇದ್ದರೆ ಹೀಗಿರಬೇಕು ಎಂದು ಮರಾಠಿಯಲ್ಲಿ ಪಕ್ಕದ ತೆಂಗಿನಕಾಯಿಯವನಿಗೆ ಹೇಳಿದಳು. ಸೈಕಲ್ಲಿನ ಮೇಲಿಂದಲೇ ಅಡ್ಡಬೀಳುವವರನ್ನು ಅವಳು ಅಲ್ಲಿಯವರೆಗೆ ಕಂಡಿರಲಿಲ್ಲ.

ನಾಣಿಗೆ ಅಳು ಬರುವುದೊಂದು ಬಾಕಿ. ಭಕ್ತಿಯೂ ಇಲ್ಲ, ಬದನೆಕಾಯಿಯೂ ಇಲ್ಲ ಎಂದು ಅವಳಿಗೆ ಕೂಗಿ ಹೇಳಬೇಕೆನಿಸಿತು. ಆದರೆ ದೇವರ ಎದುರು ಹಾಗೆ ಕೂಗುವ ಧೈರ್ಯ ಅವನಿಗಿರಲಿಲ್ಲ, ಮತ್ತು ಅವನ ತಾಪತ್ರಯವೆಲ್ಲ ಇದ್ದದ್ದು ಅಲ್ಲೇ.

ವಿಷಯ ಇಷ್ಟು. ತೊಂಬತ್ತೊಂದನೆಯ ಇಸವಿಯ ಆರಂಭ. ಒಂದು ದೊಡ್ಡ ಸರ್ಕಾರಿ ಕಂಪನಿ ಸ್ಪೋರ್ಟ್ಸ್ ಕೋಟಾದಲ್ಲಿ ಒಬ್ಬನೇ ಒಬ್ಬ ಸೈಕಲ್ ಪಟುವಿಗೆ ಗುಮಾಸ್ತೆ ಕೆಲಸ ಕೊಡುವುದಾಗಿ ಹೇಳಿತ್ತು. ದಹಿಸರ್ ಚೆಕ್ ನಾಕಾದಿಂದ ಹೈವೇ ಮೇಲೆ ಒಂದು ರೇಸು. ಮೊದಲು ಬಂದವನಿಗೆ ಕೆಲಸ, ಉಳಿದವರಿಗೆ ಎಳನೀರು. ವಯಸ್ಸಿನ ಮಿತಿ ಇಪ್ಪತ್ತೈದು. ನಾಣಿಗೆ ಇಪ್ಪತ್ತೈದು ತುಂಬಲು ಕೆಲವೇ ವಾರಗಳಿದ್ದವು, ಹಾಗಾಗಿ ಇದೇ ಕೊನೆಯ ಅವಕಾಶ. ಬ್ಯಾಂಕಿನ ಪರೀಕ್ಷೆಗಳು ಅವನಿಗೆ ಒಲಿದಿರಲಿಲ್ಲ. ಅವನಿಗೆ ಒಲಿದದ್ದು ಸೈಕಲ್ ಒಂದೇ, ಅದೂ ಪೂರ್ತಿ ಒಲಿದಿರಲಿಲ್ಲ. ಹಿಂದಿನ ಎರಡು ವರ್ಷವೂ ಇಂಥದೇ ರೇಸುಗಳಲ್ಲಿ ಅವನು ಎರಡನೆಯವನಾಗಿ ಬಂದಿದ್ದ. ಫೋರ್ಟಿನಲ್ಲಿ ಇನ್ಶೂರೆನ್ಸ್ ಆಫೀಸಿಗೆ ಹೋಗುವ ಅವನ ಅಪ್ಪ ಶಾಮಣ್ಣನವರ ಪ್ರಕಾರ ಸೈಕಲ್ ತುಳಿದು ಉದ್ಧಾರವಾದವನು ಪೋಸ್ಟ್‌ಮ್ಯಾನ್ ಒಬ್ಬನೇ. ಈ ಮಾತನ್ನು ಅವರು ಊಟಕ್ಕೆ ಕೂತಾಗಲೆಲ್ಲ, ಸಾರು ಬಡಿಸುವ ಹೊತ್ತಿಗೆ ಸರಿಯಾಗಿ ಹೇಳುತ್ತಿದ್ದರು.

ಪೆಡಲು ಕೊಟ್ಟವನು ಪೂವಪ್ಪ. ಗ್ರಾಂಟ್ ರೋಡಿನಲ್ಲಿ ಉಡುಪಿ ಹೋಟೆಲು ನಡೆಸುವ, ಒಂದು ಕಾಲದಲ್ಲಿ ತಾನೂ ರೇಸಿಗೆ ಇಳಿಯುತ್ತಿದ್ದ, ಈಗ ಹೊಟ್ಟೆ ಬೆಳೆದು ಸೈಕಲ್ ಬಿಟ್ಟು ಸೈಕಲ್ಲಿನವರನ್ನು ಸಾಕುವ ಮನುಷ್ಯ. ಅವನ ಭಾವ ಹಡಗಿನಲ್ಲಿ ಕೆಲಸಕ್ಕಿದ್ದವನು ಯುರೋಪಿನಿಂದ ಒಂದು ಜೊತೆ ಹೊಸ ನಮೂನೆಯ ಪೆಡಲು, ಅದಕ್ಕೆ ಸರಿಯಾದ ಬೂಟು ತಂದುಕೊಟ್ಟಿದ್ದ. ಬೂಟು ನಾಣಿಯ ಕಾಲಿಗೆ ಹೇಳಿ ಮಾಡಿಸಿದಂತಿತ್ತು. ಬೂಟಿನ ಅಡಿಗೆ ಗಟ್ಟಿ ಪ್ಲಾಸ್ಟಿಕ್ಕಿನ ಒಂದು ತುಂಡು. ಅದನ್ನು ಪೆಡಲಿನ ಮೇಲಿಟ್ಟು ಒತ್ತಿದರೆ ಟಕ್ ಎಂದು ಕಚ್ಚಿಕೊಳ್ಳುತ್ತದೆ. ಬಿಡಿಸಬೇಕಾದರೆ ಹಿಮ್ಮಡಿಯನ್ನು ಹೊರಗಡೆಗೆ ತಿರುಗಿಸಬೇಕು. ಮೇಲಕ್ಕೆ ಎಳೆದರೆ ಬಿಡುವುದಿಲ್ಲ, ಹಿಂದಕ್ಕೆ ಎಳೆದರೂ ಬಿಡುವುದಿಲ್ಲ. ಹಳೆಯ ಪೆಡಲಿನಲ್ಲಿ ಬೆರಳಿಗೆ ಒಂದು ಕಬ್ಬಿಣದ ಕ್ಲಿಪ್ಪು, ಅದಕ್ಕೊಂದು ಚರ್ಮದ ಪಟ್ಟಿ ಇರುತ್ತಿತ್ತು. ಇದರಲ್ಲಿ ಅದೇನೂ ಇಲ್ಲ.

"ತುಳಿಯುವುದು ಮಾತ್ರ ಅಲ್ಲ ಮಾರಾಯ, ಎಳೆಯಲಿಕ್ಕೂ ಆಗ್ತದೆ," ಎಂದಿದ್ದ ಪೂವಪ್ಪ, ಗಲ್ಲೆಯ ಮೇಲೆ ಪೆಡಲು ಇಟ್ಟುಕೊಂಡು. "ಒಂದು ಕಾಲು ಕೆಳಗೆ ತುಳಿವಾಗ ಇನ್ನೊಂದು ಮೇಲೆ ಎಳೀತದೆ. ಇಡೀ ಬೊಂಬಾಯಲ್ಲಿ ಇದು ಯಾರ ಹತ್ರ ಉಂಟು ಹೇಳು? ಈ ಸಲ ನೀನು ಎರಡನೇ ಬರುದು ಬೇಡ. ಎರಡನೇ ಬಂದವನಿಗೆ ನನ್ನ ಹೋಟೆಲಲ್ಲಿ ಚಾ ಸಹ ಇಲ್ಲ."

ಪೆಡಲಿನ ವಿಷಯದಲ್ಲಿ ಪೂವಪ್ಪ ಹೇಳಿದ್ದು ಅಕ್ಷರಶಃ ನಿಜ. ಬೆಳಗಿನ ಖಾಲಿ ಹೈವೇಯಲ್ಲಿ ವಿಕ್ರೋಲಿ ದಾಟಿ ಮುಲುಂದ್ ಕಡೆಗೆ ಹೋಗುವಾಗ ಸೈಕಲ್ ತನ್ನದಲ್ಲವೇನೋ ಎನಿಸುವಷ್ಟು ಓಡುತ್ತಿತ್ತು. ಸಂತೋಷಕ್ಕೆ ನಾಣಿ ಒಬ್ಬನೇ ನಗುತ್ತಿದ್ದ. ಆಮೇಲೆ ಯಾವುದೋ ದೇವರು ಎದುರಾಗುತ್ತಿತ್ತು, ನಾಣಿ ನೆಲದ ಮೇಲಿರುತ್ತಿದ್ದ.

ಯಾಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೇಳಲು ಮಾತ್ರ ನಾಚಿಕೆ. ಚಿಕ್ಕಂದಿನಲ್ಲಿ ಅವನ ಅಮ್ಮ ಪುಟ್ಟಲಕ್ಷ್ಮಿ ಕೈ ಹಿಡಿದು ಶಾಲೆಗೆ ಕರೆದುಕೊಂಡು ಹೋಗುವಾಗ, ದಾರಿಯ ಪ್ರತಿ ಗುಡಿಯ ಮುಂದೆಯೂ ನಿಂತು, ಚಪ್ಪಲಿಯಿಂದ ಕಾಲು ಹೊರಗೆ ತೆಗೆದು, ಕೈಮುಗಿದು, ಕೆನ್ನೆ ಮುಟ್ಟಿಕೊಂಡು ಮುಂದೆ ಹೋಗುತ್ತಿದ್ದಳು. ಚಪ್ಪಲಿ ಕಾಲಲ್ಲಿ ಕೈಮುಗಿಯಬಾರದು ಎಂದು ಅವನಿಗೂ ಹೇಳಿಕೊಟ್ಟಿದ್ದಳು. ನಮ್ಮ ಕಡೆಯ ಹೆಂಗಸರು ಮಾಡುವುದೇ ಹಾಗೆ, ಅದರಲ್ಲಿ ವಿಶೇಷವೇನಿಲ್ಲ. ವಿಶೇಷವೆಂದರೆ ನಾಣಿ ಸೈಕಲ್ ಕಲಿತ ಮೇಲೂ ಅದನ್ನು ಬಿಡಲಿಲ್ಲ. ಗುಡಿ ಕಂಡ ಕೂಡಲೇ ಒಂದು ಕೈ ಎದೆಗೆ ಹೋಗುತ್ತಿತ್ತು, ಬಲಗಾಲು ಪೆಡಲು ಬಿಟ್ಟು ಮೇಲೇಳುತ್ತಿತ್ತು. ಚಪ್ಪಲಿ ಹಾಕಿದ್ದರೆ ಚಪ್ಪಲಿ ಪೆಡಲಿನ ಮೇಲೆಯೇ ಉಳಿಯುತ್ತಿತ್ತು, ಬೂಟು ಹಾಕಿದ್ದರೆ ಬೂಟಿನ ಸಮೇತ ಕಾಲೆತ್ತಿದರೆ ಸಾಕು ಎಂದು ತನಗೆ ತಾನೇ ಒಂದು ರಿಯಾಯಿತಿ ಕೊಟ್ಟುಕೊಂಡಿದ್ದ. ದೇವರಲ್ಲಿ ಭೇದ ಎಣಿಸಬಾರದೆಂದು ದರ್ಗಾಕ್ಕೂ ಎತ್ತುತ್ತಿದ್ದ, ರಸ್ತೆ ಬದಿಯ ಶಿಲುಬೆಗೂ ಎತ್ತುತ್ತಿದ್ದ. ಒಮ್ಮೆ ಎತ್ತದೆ ಹೋದ ದಿನ ಪರೀಕ್ಷೆಯಲ್ಲಿ ಗಣಿತ ಕೈಕೊಟ್ಟಿತ್ತು. ಅವನು ಗಣಿತ ಓದಿರಲಿಲ್ಲ ಎನ್ನುವುದು ಬೇರೆ ಮಾತು.

ರೇಸಿನಲ್ಲಿ ಹಳೆಯ ಪೆಡಲಿನ ಪಟ್ಟಿಯನ್ನು ಅವನು ಯಾವತ್ತೂ ಬಿಗಿ ಮಾಡಿರಲಿಲ್ಲ, ಕಾಲು ಹಿಂದಕ್ಕೆ ಎಳೆದುಕೊಳ್ಳಲು ಬರಬೇಕಲ್ಲ. ಎಳೆದದ್ದು ಒಂದು ಕ್ಷಣ, ಮತ್ತೆ ಕ್ಲಿಪ್ಪಿನೊಳಗೆ ತೂರಿಸುವುದು ಎರಡು ಕ್ಷಣ. ಅಷ್ಟರಲ್ಲಿ ಒಬ್ಬ ಮುಂದೆ ಹೋಗಿರುತ್ತಿದ್ದ. ಎರಡು ವರ್ಷದ ಎರಡನೆಯ ಸ್ಥಾನದ ಗುಟ್ಟು ಇದೇ. ದೇವರಿಗೆ ಕಾಲೆತ್ತಿ ಸೋತೆ ಎಂದು ಯಾರ ಹತ್ತಿರ ಹೇಳುವುದು?

ಆದ್ದರಿಂದ ಪೂವಪ್ಪನ ಹತ್ತಿರವೂ ಹೇಳಲಿಲ್ಲ. ಕಾಲು ಬಿಡಿಸಲು ಬರುತ್ತಿಲ್ಲ, ಬೀಳುತ್ತಿದ್ದೇನೆ ಎಂದಷ್ಟೇ ಹೇಳಿದ. ಪೂವಪ್ಪ ಅವನನ್ನು ಹೋಟೆಲಿನ ಹಿಂದಿನ ಗೋಡೆಗೆ ಒರಗಿಸಿ ಸೈಕಲ್ಲಿನ ಮೇಲೆ ಕೂರಿಸಿದ.

"ಹಿಮ್ಮಡಿ ಹೊರಗೆ ತಿರುಗಿಸು. ಹಾಂ. ಮತ್ತೆ ಹಾಕು. ಮತ್ತೆ ತಿರುಗಿಸು."

ಟಕ್, ಟಕ್. ಗೋಡೆಗೆ ಒರಗಿ ಕೂತಾಗ ಕಾಲು ಎಷ್ಟು ವಿಧೇಯವೆಂದರೆ ನೋಡಿದವರು ಹೊಗಳಬೇಕು. ಒಳಗಿಂದ ದೋಸೆ ಹೊಯ್ಯುವ ಸದ್ದು ಬರುತ್ತಿತ್ತು, ನಾಣಿ ಇಲ್ಲಿ ಕಾಲು ತಿರುಗಿಸುತ್ತಿದ್ದ.

"ಬರ್ತದಲ್ಲ ಮತ್ತೆ! ರೋಡಲ್ಲಿ ಎಂತ ಆಗ್ತದೆ ನಿಂಗೆ?" ಪೂವಪ್ಪನಿಗೆ ಸಿಟ್ಟು ಬಂತು. "ನೋಡು, ತಲೆಗೆ ಗೊತ್ತಿದ್ರೆ ಸಾಕಾಗುದಿಲ್ಲ. ಕಾಲಿಗೆ ಗೊತ್ತಾಗ್ಬೇಕು. ರೋಡಲ್ಲಿ ಎಂತಾದ್ರೂ ಗುರ್ತು ಇಟ್ಕೋ. ಲೈಟ್ ಕಂಬವೋ, ಕಸದ ತೊಟ್ಟಿಯೋ. ಅದು ಬಂತು ಅಂದ ಕೂಡ್ಲೇ ಕಾಲು ತಿರುಗಿಸಿ ತೆಗಿ. ಆಮೇಲೆ ನೀನು ಯೋಚನೆ ಮಾಡುದೇ ಬೇಡ, ಕಾಲು ಅದರಷ್ಟಕ್ಕೆ ಬರ್ತದೆ."

ಉಪಾಯ ಒಳ್ಳೆಯದೇ. ನಾಣಿ ಆರಿಸಿಕೊಂಡ ಗುರುತು ಯಾವುದೆಂದು ಬೇರೆ ಹೇಳಬೇಕೆ? ಹೇಗೂ ಕಾಲು ಏಳುವುದು ಗುಡಿಯ ಮುಂದೆ, ಅಲ್ಲೇ ತಿರುಗಿಸಿ ಏಳಲಿ ಎಂದುಕೊಂಡ. ಎರಡೂ ಕೆಲಸ ಒಟ್ಟಿಗೆ ಆಗುತ್ತದೆ, ದೇವರಿಗೂ ಸಮಾಧಾನ, ಪೂವಪ್ಪನಿಗೂ ಸಮಾಧಾನ. ತನ್ನ ಬುದ್ಧಿಯನ್ನು ತಾನೇ ಮೆಚ್ಚಿಕೊಂಡು ಮಾರನೆಯ ದಿನದಿಂದ ಬೆಳಕು ಹರಿಯುವ ಮೊದಲೇ ಹೊರಟ.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಗುಡಿ ದೂರದಲ್ಲಿ ಕಾಣುತ್ತಲೇ, ತಿರುಗಿಸು, ತಿರುಗಿಸು ಎಂದು ನಾಣಿ ಬಾಯಿಪಾಠ ಮಾಡುತ್ತಿದ್ದ. ಗುಡಿ ಹತ್ತಿರ ಬರುತ್ತಿದ್ದಂತೆ ಕಾಲು ಹಳೆಯ ಅಭ್ಯಾಸದಂತೆ ಮೇಲಕ್ಕೇ ಜಗ್ಗುತ್ತಿತ್ತು. ಒಂದು ಕೈ ಎದೆಯ ಮೇಲೆ, ಒಂದೇ ಕೈ ಹ್ಯಾಂಡಲ್ ಮೇಲೆ, ಕಾಲು ಬಿಡಿಸಿಕೊಳ್ಳಲು ಬಾರದೆ ಸೈಕಲ್ ವಾಲುತ್ತಿತ್ತು, ಆಮೇಲೆ ರಸ್ತೆ. ಬಲ ಮೊಣಕಾಲಿನ ಗಾಯ ಒಣಗುವ ಮೊದಲೇ ಅದರ ಮೇಲೆ ಇನ್ನೊಂದು ಆಗುತ್ತಿತ್ತು. ರಿಕ್ಷಾದವರು ಬೈದರು, ಹಾಲಿನವರು ನಕ್ಕರು. ಒಬ್ಬ ಪೂಜಾರಿ ಮಾತ್ರ ಓಡಿ ಬಂದು ಎಬ್ಬಿಸಿ ತೀರ್ಥ ಕೊಟ್ಟ. ಆ ತೀರ್ಥ ಕುಡಿಯುವಾಗ ನಾಣಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಈ ಊರಿನಲ್ಲಿ ಕುಡಿಯುವ ನೀರಿನ ನಲ್ಲಿಗಿಂತ ದೇವರೇ ಹೆಚ್ಚು, ಯಾರು ಕಟ್ಟಿಸಿದರು ಇವನ್ನೆಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡ. ಬೈದದ್ದಕ್ಕೆ ಹೆದರಿ ಮುಂದಿನ ಗುಡಿಯ ಮುಂದೆ ಎರಡು ಪಟ್ಟು ಭಕ್ತಿಯಿಂದ ಕಾಲೆಳೆದು, ಎರಡು ಪಟ್ಟು ಜೋರಾಗಿ ಬಿದ್ದ.

ಮನೆಯಲ್ಲಿ ಕೇಳಿದರೆ ರಸ್ತೆಯಲ್ಲಿ ಆಯಿಲ್ ಚೆಲ್ಲಿತ್ತು ಎನ್ನುತ್ತಿದ್ದ. ಮುಂಬಯಿಯ ಆಯಿಲ್ ಎಲ್ಲ ಘಾಟ್ಕೋಪರಿನಲ್ಲೇ ಚೆಲ್ಲುತ್ತದೆಯೇ ಎಂದು ಶಾಮಣ್ಣನವರು ಕೇಳಿದರು.

ಹಾಗೂ ಹೀಗೂ ಕಾಲಿಗೆ ಸ್ವಲ್ಪ ಬುದ್ಧಿ ಬಂತು. ನಾಲ್ಕು ಗುಡಿಗಳಲ್ಲಿ ಒಂದರ ಮುಂದೆ ಹಿಮ್ಮಡಿ ಸರಿಯಾಗಿ ತಿರುಗತೊಡಗಿತು, ಆಮೇಲೆ ಎರಡರ ಮುಂದೆ. ರೇಸಿಗೆ ಇನ್ನೊಂದು ವಾರವಿದೆ ಎನ್ನುವಾಗ ಒಂದು ಬೆಳಿಗ್ಗೆ ಎಲ್ಲೂ ಬೀಳದೆ ಮುಲುಂದಿನಿಂದ ವಾಪಸು ಬಂದ. ಗೆದ್ದೆ ಎಂದುಕೊಂಡು ತಮ್ಮ ಹೌಸಿಂಗ್ ಸೊಸೈಟಿಯ ಗೇಟಿನೊಳಗೆ ತಿರುಗಿದ. ವಾಚ್‌ಮನ್ ಕೂರುವ ಜಾಗದ ಪಕ್ಕ ಗೂಡಿನಲ್ಲಿ ಒಂದು ಪುಟ್ಟ ಗಣಪತಿ ಇತ್ತು. ತರಕಾರಿ ಚೀಲ ಹಿಡಿದು ಎದುರಿಗೆ ಬರುತ್ತಿದ್ದ ಪುಟ್ಟಲಕ್ಷ್ಮಿಯ ಕಾಲ ಬುಡಕ್ಕೇ ನಾಣಿ ಧೊಪ್ಪನೆ ಬಿದ್ದ.

"ಅಯ್ಯೋ ಶಿವನೇ! ಏನೋ ಇದು?" ಅವಳು ಚೀಲ ಬಿಟ್ಟು ಅವನ ತೋಳು ಹಿಡಿದಳು. "ಇಲ್ಲಿ ಯಾವ ಆಯಿಲ್ಲೋ? ನಾನೇ ನೋಡ್ದೆ, ಸುಮ್ನೆ ಬರ್ತಿದ್ದೋನು ಕಾಲು ಹಿಂಗೆ ಮೇಲಕ್ಕೆ ಎಳ್ಕೊಂಡೆ. ಯಾಕೋ?"

ಇಷ್ಟು ದಿನ ತಡೆದದ್ದೆಲ್ಲ ಒಮ್ಮೆಲೇ ಕಿತ್ತುಕೊಂಡು ಬಂತು. "ಯಾಕಾ? ನೀನೇ ಅಲ್ವಾ ಹೇಳ್ಕೊಟ್ಟಿದ್ದು? ದೇವರ ಮುಂದೆ ಚಪ್ಪಲಿ ಕಾಲಲ್ಲಿ ಕೈ ಮುಗೀಬೇಡ ಅಂತ! ಅದಕ್ಕೇ ಎತ್ತೋದು. ಈ ಹಾಳು ಪೆಡಲ್ ಬಿಡಲ್ಲ, ಅದಕ್ಕೇ ಬೀಳೋದು!"

ಪುಟ್ಟಲಕ್ಷ್ಮಿ ಒಂದು ಕ್ಷಣ ಅರ್ಥವಾಗದೆ ನಿಂತಳು. ಅರ್ಥವಾದ ಮೇಲೆ ನಗಲು ಶುರುಮಾಡಿದಳು. ವಾಚ್‌ಮನ್ ಎದ್ದು ಬಂದು ನೋಡಿದ, ಮೊದಲ ಮಹಡಿಯ ಕಿಟಕಿಯೊಂದು ತೆರೆಯಿತು. ಅವಳಿಗೆ ನಗು ನಿಲ್ಲಲೇ ಇಲ್ಲ, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಲ್ವೋ ಪೆದ್ದೇ, ನಾನು ಹೇಳಿದ್ದು ನಡ್ಕೊಂಡು ಹೋಗೋವಾಗ. ದೇವರ ಮುಂದೆ ನಿಂತ್ಕೊಂಡು ಕೈ ಮುಗಿಯೋನಿಗೆ. ಸೈಕಲ್ ಮೇಲೆ ಹೋಗೋನಿಗೆ ಕಾಲು ನೆಲಕ್ಕೇ ತಾಗಲ್ವಲ್ಲ! ಬಸ್ಸಲ್ಲಿ ಕೂತಾಗ ನಾನು ಚಪ್ಪಲಿ ಬಿಚ್ತೀನಾ? ಮನಸ್ಸಲ್ಲಿ ಅಂದ್ಕೊಂಡ್ರೆ ಆಯ್ತು."

ನಾಣಿ ನೆಲದ ಮೇಲೆಯೇ ಕೂತಿದ್ದ. ಒಂದು ಕಾಲು ಇನ್ನೂ ಪೆಡಲಿಗೆ ಕಚ್ಚಿಕೊಂಡಿತ್ತು. "ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನಂಗೇನೋ ಗೊತ್ತು? ನಿನ್ನ ಸೈಕಲ್ ಹಿಂದೆ ನಾನು ಓಡಿ ಬರ್ತಿದ್ನಾ?"

ಆ ರಾತ್ರಿ ನಾಣಿ ಊಟ ಮಾಡಲಿಲ್ಲ. ಇಲ್ಲದ ಒಂದು ನಿಯಮಕ್ಕೆ ಎರಡು ರೇಸು ಹೋಗಿತ್ತು, ಮೊಣಕಾಲಿನ ಚರ್ಮ ಹೋಗಿತ್ತು. ಅಮ್ಮನ ಮೇಲೆ ಸಿಟ್ಟು ಬಂತು, ಅವಳು ನಕ್ಕದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಬಸ್ಸಿನಲ್ಲಿ ಅವಳ ಪಕ್ಕದಲ್ಲೇ ಎಷ್ಟು ಸಲ ಕೂತಿದ್ದೆ, ಒಮ್ಮೆಯಾದರೂ ಅವಳ ಕಾಲಿನ ಕಡೆ ನೋಡಬಾರದಿತ್ತೇ ಎಂದು ಕೊನೆಗೆ ತನ್ನ ಮೇಲೆಯೇ ಬಂತು. ಬೆಳಗಾಗುವ ಹೊತ್ತಿಗೆ ಸಿಟ್ಟು ಇಳಿದು ಒಂದು ಬಗೆಯ ಹಗುರವೂ ಆಯಿತು. ಇನ್ನು ಎತ್ತಬೇಕಾಗಿಲ್ಲ. ದೇವರ ಕಡೆಯಿಂದ ಯಾವ ತಕರಾರೂ ಇಲ್ಲ.

ಉಳಿದ ದಿನಗಳಲ್ಲಿ ಅವನು ಗುಡಿಗಳ ಮುಂದೆ ಹಲ್ಲು ಕಚ್ಚಿ, ಎರಡೂ ಕೈಯಿಂದ ಹ್ಯಾಂಡಲ್ ಹಿಡಿದು ದಾಟಿದ. ತೊಡೆಯಲ್ಲಿ ಏನೋ ಸೆಟೆದು ಬಿಡುತ್ತಿತ್ತು, ಅಷ್ಟೇ. ಕಾಲು ಅಲ್ಲಾಡಲಿಲ್ಲ. ಹೂವಿನ ಮುದುಕಿ ಅವನು ಬೀಳುವುದನ್ನು ಕಾದು, ಬೀಳದಿದ್ದಾಗ ನಿರಾಸೆಯಿಂದ ತಲೆಯಾಡಿಸಿದಳು.

ರೇಸಿನ ಭಾನುವಾರ ಪೂವಪ್ಪ ಹೋಟೆಲಿನ ಟೆಂಪೋದಲ್ಲಿ ನಾಣಿಯನ್ನೂ ಸೈಕಲ್ಲನ್ನೂ ದಹಿಸರಿಗೆ ಕರೆತಂದ. ಚೆಕ್ ನಾಕಾದ ಹತ್ತಿರ ಗೆರೆ ಎಳೆದಿದ್ದರು. ಗೋರೆಗಾಂವ್‌ವರೆಗೆ ಹೋಗಿ ಅಲ್ಲಿಂದ ತಿರುಗಿ ಇದೇ ಗೆರೆ ಮುಟ್ಟಬೇಕು. ಬಂದವರಲ್ಲಿ ಗಟ್ಟಿಗನೆಂದರೆ ದಹಿಸರಿನವನೇ ಆದ ಮುರಿಗೆಪ್ಪ, ವಿಜಾಪುರದ ಕಡೆಯ ಕಾನ್‌ಸ್ಟೇಬಲ್ ಒಬ್ಬರ ಮಗ. ಹಿಂದಿನ ವರ್ಷ ನಾಣಿಗಿಂತ ಒಂದು ಚಕ್ರ ಮುಂದೆ ಬಂದವನು ಅವನೇ, ಆದರೆ ಆ ಸಲದ ಕೆಲಸ ಏನೋ ಕಾರಣಕ್ಕೆ ರದ್ದಾಗಿತ್ತು. ಅವನು ನಾಣಿಯ ಪೆಡಲನ್ನು ಬಗ್ಗಿ ನೋಡಿ, "ಏನಪಾ ಇದು, ಕಾಲಿಗೆ ಬೇಡಿ ಹಾಕ್ಕೊಂಡು ಬಂದೀ?" ಎಂದು ನಕ್ಕ. ನಾಣಿ ನಗಲಿಲ್ಲ.

ಹೋಗುವಾಗ ಎಲ್ಲರೂ ಗುಂಪಾಗಿಯೇ ಇದ್ದರು. ಬೊರಿವಲಿ ದಾಟಿದ ಮೇಲೆ ಒಂದು ದೇವಿಯ ಗುಡಿ ಬಂತು, ನಾಣಿ ನೇರವಾಗಿ ಮುಂದೆ ನೋಡಿದ. ಕಾಂದಿವಲಿಯ ಹತ್ತಿರ ಒಂದು ಶಿಲುಬೆ, ಅದನ್ನೂ ದಾಟಿದ. ಗೋರೆಗಾಂವಿನಲ್ಲಿ ತಿರುಗಿದ ಮೇಲೆ ಅವನು ಎಳೆಯಲು ಶುರುಮಾಡಿದ. ತುಳಿದು, ಎಳೆದು, ತುಳಿದು, ಎಳೆದು. ಏರು ಬಂದ ಕಡೆ ಉಳಿದವರು ಎದ್ದು ನಿಂತು ತುಳಿಯುತ್ತಿದ್ದರೆ ಅವನು ಕೂತೇ ಏರಿದ. ಒಬ್ಬೊಬ್ಬರೇ ಹಿಂದೆ ಉಳಿದರು. ಬೊರಿವಲಿ ಮತ್ತೆ ಬರುವ ಹೊತ್ತಿಗೆ ಹಿಂದೆ ಉಸಿರು ಕೇಳಿಸುತ್ತಿದ್ದದ್ದು ಮುರಿಗೆಪ್ಪನದೊಂದೇ. ಆಮೇಲೆ ಅದೂ ದೂರವಾಯಿತು.

ಕೊನೆಯ ನೇರ ರಸ್ತೆ. ದೂರದಲ್ಲಿ ನಾಕಾದಲ್ಲಿ ನಿಂತ ಲಾರಿಗಳು, ಗೆರೆಯ ಹತ್ತಿರ ಬಾವುಟ, ಅದರ ಪಕ್ಕ ಪೂವಪ್ಪನ ಬಿಳಿ ಅಂಗಿ. ನಾಣಿಗೆ ಕಣ್ಣು ಮಂಜಾಗಿತ್ತು, ಕಿವಿಯಲ್ಲಿ ರಕ್ತ ಬಡಿಯುತ್ತಿತ್ತು. ತಲೆಯಲ್ಲಿ ಅಪ್ಪ ಇರಲಿಲ್ಲ, ಅಮ್ಮ ಇರಲಿಲ್ಲ, ಕೆಲಸವೂ ಇರಲಿಲ್ಲ. ಇದ್ದದ್ದು ಕಾಲು ಮಾತ್ರ.

ರಸ್ತೆಯ ಎಡಕ್ಕೆ, ಆಲದ ಮರದ ಕೆಳಗೆ, ಸಿಂಧೂರ ಬಳಿದ ಮಾರುತಿಯ ಗುಡಿಯೊಂದಿತ್ತು. ಬೆಳಿಗ್ಗೆ ಟೆಂಪೋದಲ್ಲಿ ಬರುವಾಗ ಅದು ಲಾರಿಯ ಮರೆಯಲ್ಲಿತ್ತು, ರೇಸು ಹೊರಟಾಗ ಗುಂಪಿನ ಮರೆಯಲ್ಲಿ. ಅದನ್ನು ತಾನು ನೋಡಿದೆ ಎಂದು ನಾಣಿಗೆ ತಿಳಿಯುವ ಮೊದಲೇ ಬಲ ಹಿಮ್ಮಡಿ ಹೊರಕ್ಕೆ ತಿರುಗಿತು. ಟಕ್. ಬೂಟು ನವಿರಾಗಿ ಬಿಟ್ಟುಕೊಂಡಿತು, ಕಾಲು ಒಂದು ಗೇಣು ಮೇಲೆದ್ದಿತು. ಕೈ ಎದೆಗೆ ಹೋಗಿ ಬಂತು. ಸೈಕಲ್ ಒಂದು ಎಳೆಯಷ್ಟೂ ವಾಲಲಿಲ್ಲ. ಇಷ್ಟು ವಾರ ಬಿದ್ದು ಎದ್ದು ಕಲಿತದ್ದು ಅಂದು ಮೊದಲ ಸಲ ಪೂರ್ತಿಯಾಗಿ, ತಪ್ಪಿಲ್ಲದೆ, ಯೋಚನೆಯಿಲ್ಲದೆ ಆಯಿತು.

ಎಚ್ಚರವಾದಾಗ ಪೆಡಲು ತನ್ನಷ್ಟಕ್ಕೆ ತಿರುಗುತ್ತಿತ್ತು. ನಾಣಿ ಅದರ ಮೇಲೆ ಬೂಟು ಒತ್ತಿದ, ಜಾರಿತು. ಮತ್ತೆ ಒತ್ತಿದ, ಮತ್ತೆ ಜಾರಿತು. ಒಂಟಿ ಕಾಲಿನಲ್ಲಿ ತುಳಿಯುತ್ತಾ, ಅಳುತ್ತಾ, ಕಚ್ಚು, ಕಚ್ಚು ಎಂದು ಗಟ್ಟಿಯಾಗಿ ಕೂಗಿದ. ಅದು ಕಚ್ಚಿದಾಗ ಮುರಿಗೆಪ್ಪ ಪಕ್ಕದಲ್ಲಿದ್ದ. ಗೆರೆ ಬಂದಾಗ ಮುಂದಿದ್ದ.

"ಗೆದ್ದಿದ್ದೆಲ್ಲಲೇ ನೀನು, ಕಾಲ ಯಾಕ ಬಿಟ್ಟಿ?" ಏದುಸಿರಿನ ನಡುವೆ ಮುರಿಗೆಪ್ಪ ಕೇಳಿದ. ಅವನಿಗೆ ನಿಜವಾಗಿಯೂ ಬೇಸರವಾಗಿತ್ತು. ನಾಣಿ ಎರಡೂ ಕಾಲು ಸಲೀಸಾಗಿ ಬಿಡಿಸಿ, ನೆಟ್ಟಗೆ ನೆಲದ ಮೇಲೆ ನಿಂತಿದ್ದ.

ಪೂವಪ್ಪ ಬೈಯಲಿಲ್ಲ. ಟೆಂಪೋ ಹತ್ತುವಾಗ ಒಂದೇ ಮಾತು ಹೇಳಿದ: "ಎಷ್ಟು ಚಂದ ಬಿಡಿಸಿದೆ ಮಾರಾಯ ನೀನು, ಎಷ್ಟು ಚಂದ." ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ದಹಿಸರಿನಿಂದ ಘಾಟ್ಕೋಪರಿನವರೆಗೂ ನಾಣಿ ಅಮ್ಮನಿಗೆ ಹೇಳಬೇಕಾದ ಮಾತುಗಳನ್ನು ಕೂಡಿಸಿಕೊಂಡ. ಒಂದೊಂದೂ ಚುಚ್ಚುವ ಮಾತು. ನಿನ್ನಿಂದಲೇ ಹೋಯಿತು ಎನ್ನಬೇಕು. ಅವತ್ತು ನಕ್ಕೆಯಲ್ಲ, ಈಗ ನಗು ಎನ್ನಬೇಕು. ಮೆಟ್ಟಿಲು ಹತ್ತುವಾಗ ಬೂಟಿನ ಅಡಿಯ ತುಂಡು ಕಟಕಟ ಎನ್ನುತ್ತಿತ್ತು, ಆ ಸದ್ದಿಗೇ ಪುಟ್ಟಲಕ್ಷ್ಮಿ ಬಾಗಿಲು ತೆರೆದಳು. ಅವಳ ಕಣ್ಣು ಮೊದಲು ಹೋದದ್ದು ಮಗನ ಮೊಣಕಾಲಿಗೆ.

"ಬಿದ್ದಿಲ್ಲ!" ಮುಖ ಅರಳಿತು. "ಬಿದ್ದಿಲ್ಲ ತಾನೇ?"

"ಇಲ್ಲ."

"ಮತ್ತೆ ಕೆಲಸ?"

"ಅದೂ ಇಲ್ಲ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಏನಾಯ್ತೋ?"

"ಕಾಲೆತ್ತಿದೆ." ನಾಣಿ ಕೂಡಿಸಿಟ್ಟ ಮಾತೆಲ್ಲ ನಾಲಿಗೆಯ ತುದಿಗೆ ಬಂದಿತ್ತು. "ಗೆರೆ ಅಲ್ಲೇ ಇತ್ತು. ಒಂದು ಗುಡಿ ಬಂತು. ಮಾರುತಿ ಗುಡಿ."

ಮಾರುತಿ ಎನ್ನುವ ಹೆಸರು ಕಿವಿಗೆ ಬಿದ್ದದ್ದೇ ತಡ, ಪುಟ್ಟಲಕ್ಷ್ಮಿಯ ಬಲಗಾಲು ಮನೆಯೊಳಗೆ ಹಾಕಿಕೊಳ್ಳುವ ಹವಾಯಿ ಚಪ್ಪಲಿಯಿಂದ ಮೆಲ್ಲನೆ ಹೊರಗೆ ಬಂತು, ಎರಡೂ ಕೈ ಕೆನ್ನೆಗೆ ಹೋದವು. ಅವಳ ಕಣ್ಣುಗಳಲ್ಲಿ ಮಗನ ಸೋಲಿನ ನೀರು ತುಂಬಿತ್ತು, ಅವು ಮಗನನ್ನೇ ನೋಡುತ್ತಿದ್ದವು. ಕಾಲು ಏನು ಮಾಡಿತೆಂದು ಅವಳಿಗೆ ಗೊತ್ತೇ ಇರಲಿಲ್ಲ.

ನಾಣಿ ಆ ಕಾಲನ್ನು ನೋಡಿದ. ಬೈಯಲು ತೆರೆದ ಬಾಯಿ ಹಾಗೆಯೇ ಮುಚ್ಚಿತು. ಅಲ್ಲೇ ಮೆಟ್ಟಿಲ ಮೇಲೆ ಕೂತು, ಬೂಟು ಬಿಚ್ಚಿ, ಅಮ್ಮನ ಎದುರು ಚಿಕ್ಕ ಹುಡುಗನ ಹಾಗೆ ಅತ್ತ.